ಒಂದು ಚಮಚ ಮೊಸರು ಮತ್ತು ಹೊಸ ಪುಸ್ತಕ

"ನಮ್ಮದು ಈ ಮನೆಯ ಮುತ್ತಜ್ಜಿಯ ಕಾಲದಿಂದ ನಡೆದುಬಂದ ವಂಶ. ನಿನ್ನೆಯ ಮೊಸರಿನಿಂದಲೇ ಇಂದಿನ ಮೊಸರು. ಒಂದು ದಿನವೂ ತಪ್ಪಿಲ್ಲ," ಎಂದಿತು ಬಟ್ಟಲಿನ ತಳದಲ್ಲಿ ಉಳಿದಿದ್ದ ಒಂದು ಚಮಚ ಮೊಸರು.

ಆಗಷ್ಟೇ ಅಚ್ಚಾಗಿ ಬಂದಿದ್ದ ಪುಸ್ತಕ ನಕ್ಕಿತು. "ಇಂದು ನನ್ನ ಬಿಡುಗಡೆ, ತಾಯಿ! ನನ್ನನ್ನು ಬರೆದ ಅಂಬುಜಾಕ್ಷಮ್ಮನವರಿಗೆ ಶಾಲು, ಹಾರ, ಭಾಷಣ. ಹಾಲಿಗೆ ಹೆಪ್ಪು ಹಾಕಲು ಪುರುಸೊತ್ತೆಲ್ಲಿ? ನಿಮ್ಮ ಬಟ್ಟಲು ತೊಳೆಯಲು ಹೋಗುತ್ತದೆ, ವಂಶ ಮುಗಿಯುತ್ತದೆ."

ಸಂಜೆ ಅಂಬುಜಾಕ್ಷಮ್ಮ ಪುಸ್ತಕ ಹಿಡಿದುಕೊಂಡು ಸಮಾರಂಭದಿಂದ ಬಂದರು. ಹೊದ್ದ ಶಾಲನ್ನೂ ತೆಗೆಯದೆ ಹಾಲು ಬೆಚ್ಚಗೆ ಮಾಡಿ, ಆ ಒಂದು ಚಮಚ ಮೊಸರಿನ ಮೇಲೆ ಸುರಿದರು. ಮುಚ್ಚಲು ತಟ್ಟೆ ಸಿಗಲಿಲ್ಲ. ಕೈಯಲ್ಲಿದ್ದ ಪುಸ್ತಕವನ್ನೇ ಬಟ್ಟಲಿನ ಮೇಲೆ ಮುಚ್ಚಿದರು.

"ಅಯ್ಯೋ, ನನ್ನ ಮುಖಪುಟ!"

"ಅಲುಗಾಡಬೇಡ, ನಾವು ಹೆಪ್ಪುಗಟ್ಟುತ್ತಿದ್ದೇವೆ," ಎಂದಿತು ಮೊಸರು. "ಮೊದಲು ಕ್ಷಮೆ ಕೇಳು."