ಬಾಯಿಮಾತಿಗೆ ಮಾತ್ರೆಯಿಲ್ಲ

ಹತ್ತು ವರ್ಷದ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುವುದನ್ನು ಸರ್ಕಾರಿ ಆಸ್ಪತ್ರೆಯ ನರ್ಸ್ ಮೆಟಿಲ್ಡಾ ಸಿಸ್ಟರ್ ಕಂಡಿದ್ದಳು. ಶಾಲೆಗಳಲ್ಲಿ ಕೂಲ್‌ಡ್ರಿಂಕ್ಸ್ ಮಾರಬಾರದೆಂದು ತಾಲ್ಲೂಕಿನ ನರ್ಸುಗಳೆಲ್ಲ ಬರೆದ ಮನವಿಯನ್ನು ಅವಳೇ ಶಿಕ್ಷಣ ಸಮಿತಿಯ ಸಭೆಗೆ ತಂದಳು.

ಅಧ್ಯಕ್ಷ ಚನ್ನವೀರಪ್ಪನವರು ಕೂಲ್‌ಡ್ರಿಂಕ್ಸ್ ಹೀರುತ್ತಲೇ ಕಾಗದ ತಳ್ಳಿದರು. "ಮಕ್ಕಳು ಗುಂಡುಗುಂಡಗಿದ್ದರೆ ನಿಮಗೇನಮ್ಮ ಹೊಟ್ಟೆಯುರಿ? ದಿನಾ ಕುಡೀಲಿ, ಏನೂ ಆಗಲ್ಲ. ಇದನ್ನ ವಾಪಸ್ ತಗೊಳ್ಳಿ. ಇಲ್ಲಾಂದ್ರೆ ಸಂಜೆಯೊಳಗೆ ಟ್ರಾನ್ಸ್‌ಫರ್!"

ಸಿಸ್ಟರ್ ಚೀಲದಿಂದ ಒಂದು ಖಾಲಿ ಕೇಸ್‌ಶೀಟ್ ತೆಗೆದು ಅವರ ಮುಂದಿಟ್ಟಳು.

"ಆಗಲಿ ಸಾರ್. ಆದರೆ ಆಸ್ಪತ್ರೆಯಲ್ಲಿ ಡಾಕ್ಟರ ಬಾಯಿಮಾತಿಗೂ ನಾವು ಒಂದು ಮಾತ್ರೆಯನ್ನೂ ಕೊಡೋದಿಲ್ಲ. ಹೇಳಿದವರು ಬರೆದು ಸಹಿ ಹಾಕಬೇಕು. ‘ಮಗುವಿಗೆ ದಿನಕ್ಕೊಂದು ಬಾಟ್ಲಿ, ಅದರೊಳಗೆ ಎಂಟು ಚಮಚ ಸಕ್ಕರೆ, ಹೊಣೆ ನನ್ನದು’ ಅಂತ ಬರೀರಿ. ರೋಗಿಯ ಮಂಚಕ್ಕೆ ತೂಗುಹಾಕೋ ಹಾಗೆ ಪ್ರತಿ ಶಾಲೆಯ ಗೇಟಿಗೂ ತೂಗುಹಾಕ್ತೀವಿ. ತಾಯಂದಿರು ಓದ್ಕೊಳ್ಳಲಿ."

ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಕೊನೆಗೆ ಕೇಸ್‌ಶೀಟನ್ನು ಪಕ್ಕಕ್ಕೆ ಸರಿಸಿ, ನರ್ಸುಗಳ ಮನವಿಯ ಮೇಲೆ ‘ಒಪ್ಪಿದೆ’ ಎಂದು ಗೀಚಿದರು.

ಸಿಸ್ಟರ್ ಕೈಮುಗಿದು ಬಾಗಿಲವರೆಗೆ ಹೋಗಿದ್ದಳು. ಹಿಂದಿನಿಂದ ಮೆತ್ತನೆಯ ದನಿ ಕೇಳಿತು. ಅಧ್ಯಕ್ಷರು ಅರ್ಧ ಕುಡಿದ ಬಾಟ್ಲಿ ಹಿಡಿದುಕೊಂಡಿದ್ದರು.

"ಸಿಸ್ಟರ್, ಇದನ್ನ ಮುಗಿಸೋಕೂ ಸಹಿ ಹಾಕ್ಬೇಕಾ?"