ಎಂದೂ ಬಾರದವನು ಅಪರೂಪವೇ?

ಬನ್ನಿ ಮಕ್ಕಳೇ, ಚಾಪೆ ಎಳಕೊಂಡು ಹತ್ತಿರ ಕೂತುಕೊಳ್ಳಿ. ನಡುವೆ ಎದ್ದು ಹೋದರೆ ಒಬ್ಬನ ಪ್ರಾಣ ಏನಾಯಿತೆಂದು ತಿಳಿಯದೆ ಉಳಿಯುತ್ತೀರಿ.

ಬಿಜ್ಜಮಲ್ಲನೆಂಬ ರಾಜ ಡಂಗುರ ಹೊಡೆಸಿದ. "ನನ್ನ ಮಗಳು ಮಾಳಬ್ಬೆ ಮೂರು ಒಗಟು ಕೇಳುತ್ತಾಳೆ. ಮೂರನ್ನೂ ಬಿಡಿಸಿದವನಿಗೆ ಅವಳನ್ನು ಕೊಡುತ್ತೇನೆ, ಸೆರೆಯಲ್ಲಿರುವವರನ್ನೂ ಬಿಡುತ್ತೇನೆ. ತಪ್ಪಿದವನ ತಲೆ ಅಮಾವಾಸ್ಯೆಯ ಮಧ್ಯಾಹ್ನ ಹೋಗುತ್ತದೆ." ಒಗಟು ಮಗಳದು, ಕತ್ತಿ ಅಪ್ಪನದು.

ಎಷ್ಟೋ ಅಮಾವಾಸ್ಯೆ ಕಳೆದವು. ಮೊದಲನೆಯ ಒಗಟನ್ನೇ ಯಾರೂ ದಾಟಲಿಲ್ಲ. ಈ ಸಲ ಸೆರೆಯಲ್ಲಿದ್ದವರಲ್ಲಿ ಮಾರ ಎಂಬ ಬಡವನೂ ಒಬ್ಬ; ಮನೆಯಲ್ಲಿ ಹೆಂಡತಿಯಿದ್ದರೂ ಅರಮನೆಯ ಸಿರಿಯ ಆಸೆಗೆ ಒಗಟಿಗೆ ನಿಂತು ತಪ್ಪಿದ್ದ. ಅವನ ತಮ್ಮ ದುಗ್ಗ ಅರಮನೆಯ ಗಳಿಗೆ ಬಟ್ಟಲು ಕಾಯುವವನು. ತೂತಿನ ಬಟ್ಟಲನ್ನು ನೀರಲ್ಲಿ ತೇಲಿಬಿಟ್ಟು, ಅದು ಮುಳುಗಿದಾಗಲೆಲ್ಲ ಜಾಗಟೆ ಬಾರಿಸುವುದು ಅವನ ಕೆಲಸ.

ಅಮಾವಾಸ್ಯೆ ಬೆಳಗ್ಗೆ ದುಗ್ಗ ಸಭೆಗೆ ಬಂದ. ಅವನಿಗಿಂತ ಮುಂದೆ ಒಬ್ಬ ರಾಜಕುಮಾರ, ಒಬ್ಬ ಪಂಡಿತ ನಿಂತಿದ್ದರು.

"ಉಸಿರಿಗಿಂತ ಹೆಚ್ಚು ಸಲ ನಮ್ಮೊಳಗೆ ಬಂದುಹೋಗುವುದು ಯಾವುದು?" ಎಂದಳು ಮಾಳಬ್ಬೆ.

"ಕಣ್ಣಿನ ರೆಪ್ಪೆ," ಎಂದ ರಾಜಕುಮಾರ. ಅವನನ್ನು ಸೆರೆಗೆ ಎಳೆದೊಯ್ದರು.

"ಆಸೆ," ಎಂದ ಪಂಡಿತ.

"ಎಣಿಸಿ ತೋರಿಸಿ ಸ್ವಾಮಿ," ಅಂದಳು. ತೋರಿಸಲಾಗಲಿಲ್ಲ. ಅವನೂ ಹೋದ.

ದುಗ್ಗನನ್ನು ಕಂಡು ರಾಜ ನಕ್ಕ. "ನೀನೂ ಬಂದೆಯಾ? ಜಾಗಟೆ ನಿನ್ನಪ್ಪ ಹೊಡೀತಾನೇನೋ?"

"ಬೇರೆಯವನನ್ನು ಕೂರಿಸಿ ಬಂದಿದ್ದೇನೆ ಬುದ್ಧಿ. ನನ್ನಣ್ಣನಿಗೆ ಹೊತ್ತು ಕಡಿಮೆ ಉಳಿದಿದೆ." ಮಾಳಬ್ಬೆಯ ಕಡೆ ತಿರುಗಿದ. "ಅಮ್ಮಣ್ಣೀ, ಅದು ನಾಡಿ. ಬಟ್ಟಲು ಒಮ್ಮೆ ಮುಳುಗುವಷ್ಟರಲ್ಲಿ ಉಸಿರು ಮುನ್ನೂರ ಅರವತ್ತು ಸಲ, ನಾಡಿ ಅದರ ನಾಲ್ಕು ಪಟ್ಟು. ಬೇರೇನು ಕೆಲಸ ನನಗೆ, ಎಣಿಸುತ್ತಾ ಕೂತಿರುತ್ತೇನೆ. ರೆಪ್ಪೆಯೋ, ನಿದ್ದೆಯಲ್ಲಿ ಬಡಿಯುವುದೇ ಇಲ್ಲ."

"ಸರಿ. ಮನುಷ್ಯನಿಗೆ ಒಂದೇ ಸಲ ಬರುವುದು, ನಮ್ಮ ಬಾಗಿಲಿಗೆ ಮಾತ್ರ ಹಬ್ಬಕ್ಕಿಂತ ಹೆಚ್ಚು ಸಲ ಬಂದದ್ದು ಯಾವುದು?"

ಸಭೆ ತಲೆ ತಗ್ಗಿಸಿತು. ದುಗ್ಗ ರಾಜನನ್ನು ನೋಡಿದ. "ಸಾವು ಅಮ್ಮಣ್ಣೀ. ಯಾರಿಗೇ ಆಗಲಿ ಒಮ್ಮೆ ಬರುತ್ತದೆ. ಇಲ್ಲಿಗೆ ಅದನ್ನು ಕರೆಕರೆದು ತಂದಿದ್ದಾರೆ."

ರಾಜನ ಮುಖ ಕಪ್ಪಿಟ್ಟಿತು. ಪಕ್ಕದ ತಳವಾರನ ಕಿವಿಯಲ್ಲಿ ಏನೋ ಉಸುರಿದ. ತಳವಾರ ಸದ್ದಿಲ್ಲದೆ ಹೊರಗೆ ನಡೆದ.

"ಕೊನೆಯದು," ಎಂದಳು ಮಾಳಬ್ಬೆ. "ಒಬ್ಬ ವರ್ಷಕ್ಕೊಮ್ಮೆ ಬರುತ್ತಾನೆ. ಇನ್ನೊಬ್ಬ ಎಂದೂ ಬರುವುದಿಲ್ಲ. ಯಾರು ಹೆಚ್ಚು ಅಪರೂಪ?"

ದುಗ್ಗ ಬೆರಳು ಮಡಿಸಿ ಎಣಿಸುತ್ತಾ ಬಹಳ ಹೊತ್ತು ಯೋಚಿಸಿದ. "ವರ್ಷಕ್ಕೊಮ್ಮೆ ಬರುವವನೇ. ಅಪರೂಪವೆನ್ನಲು ಒಂದು ಸಲವಾದರೂ ಬರಬೇಕಲ್ಲವೇ? ಎಂದೂ ಬಾರದವನನ್ನು ಯಾರ ಜೊತೆ ಹೋಲಿಸುವುದು? ಅವನಿಗೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅವನು ಬರೀ ಇಲ್ಲ."

"ಗೆದ್ದೆ," ಎಂದಳು ಮಾಳಬ್ಬೆ.

"ಹಾಗಾದರೆ ನನ್ನಣ್ಣನನ್ನು ಬಿಡಿಸಿ."

ಆಗ ತಳವಾರ ಒಳಗೆ ಬಂದ. ಅವನ ಕತ್ತಿ ಒದ್ದೆಯಾಗಿತ್ತು.

"ನೀನು ಗೆಲ್ಲುವುದಕ್ಕೆ ಮೊದಲೇ ಆಗಿಹೋಯಿತಪ್ಪಾ," ಎಂದ ರಾಜ. "ಉಳಿದವರನ್ನು ಕರಕೊಂಡು ಹೋಗು. ಮಗಳನ್ನೂ."

ರಾಜಕುಮಾರ, ಪಂಡಿತ, ಸೆರೆಯವರೆಲ್ಲ ತಂತಮ್ಮ ಊರು ಸೇರಿದರು. ಬಿಜ್ಜಮಲ್ಲ ಗಾದಿಯ ಮೇಲೇ ಮುದುಕನಾಗಿ ಸತ್ತ. ಒಬ್ಬರೂ ಅವನನ್ನು ತಡವಲಿಲ್ಲ. ದುಗ್ಗ ಅಣ್ಣನನ್ನು ಹೊತ್ತು ಗುಡಿಸಲಿಗೆ ಹೋದ. ಮಾಳಬ್ಬೆ ಹಿಂದೆಯೇ ನಡೆದಳು, ಅವನನ್ನೇ ಮದುವೆಯಾದಳು. ಮಾರನ ಹೆಂಡತಿ ಅದೇ ಒಲೆಯ ಮುಂದೆ ಅವಳ ಜೊತೆ ಇಪ್ಪತ್ತು ವರ್ಷ ರೊಟ್ಟಿ ಬಡಿದಳು. ಒಂದು ಮಾತೂ ಆಡಲಿಲ್ಲ.