ಗೊರವಂಕದ ಪ್ರಶ್ನೆ, ಮುಳ್ಳುಹಂದಿಯ ಉತ್ತರ

ಒಂದು ಕಾಡಿನಲ್ಲಿ ಹಣ್ಣಿಗೆ ಬರ ಬರುತ್ತಿತ್ತು, ನೀರಿಗೂ ಬರ ಬರುತ್ತಿತ್ತು, ಸುದ್ದಿಗೆ ಮಾತ್ರ ಎಂದೂ ಬರ ಬಂದದ್ದಿಲ್ಲ. ಯಾಕೆಂದರೆ ಅಲ್ಲಿ ವಾಗ್ಭೂಷಣ ಎಂಬ ಗೊರವಂಕ ಇದ್ದ. ಗೊರವಂಕ ಗೊತ್ತಲ್ಲ, ಹಳದಿ ಕೊಕ್ಕಿನ ಹಕ್ಕಿ, ಯಾರ ದನಿಯನ್ನಾದರೂ ಕೇಳಿದ ಹಾಗೇ ಒಪ್ಪಿಸಬಲ್ಲದು. ಕಾಡಿಗೆ ಹೊಸಬರು ಯಾರೇ ಬರಲಿ, ವಾಗ್ಭೂಷಣ ಹೋಗಿ ಮಾತಾಡಿಸುತ್ತಿದ್ದ. ಸಂಜೆ ಎಲ್ಲರೂ ಕೊಳಕ್ಕೆ ಬಂದಾಗ ಅತ್ತಿಮರದ ಮೇಲೆ ಕೂತು ಅವರ ಉತ್ತರಗಳನ್ನು ಅವರದೇ ದನಿಯಲ್ಲಿ ಸಾರುತ್ತಿದ್ದ. ಪ್ರಶ್ನೆಗಳನ್ನು ಹೇಳುತ್ತಿರಲಿಲ್ಲ. ನೀರು ಕುಡಿಯಲು ಬಂದವರಿಗೆ ಅಷ್ಟೆಲ್ಲ ಹೊತ್ತೆಲ್ಲಿ ಎಂದು ಅವನ ಕಾಳಜಿ. ಎಂಥ ದೊಡ್ಡ ಮನಸ್ಸು ನೋಡಿ. ಆ ಉತ್ತರಗಳನ್ನು ಕೇಳಿಯೇ ಹಿರಿಯಾನೆ ಭದ್ರವ್ವ ಬಂದವರು ಇರಬೇಕೋ ಹೋಗಬೇಕೋ ಎಂದು ತೀರ್ಮಾನಿಸುತ್ತಿದ್ದಳು.

"ಒಂದಕ್ಷರ ಕೂಡಿಸುವವನಲ್ಲ, ಒಂದಕ್ಷರ ಕಳೆಯುವವನಲ್ಲ," ಎಂದು ವಾಗ್ಭೂಷಣ ಎದೆಯುಬ್ಬಿಸುತ್ತಿದ್ದ. ಅದು ಸತ್ಯ. ಆ ಹಕ್ಕಿ ಜೀವಮಾನದಲ್ಲಿ ಒಂದು ಸುಳ್ಳು ಹೇಳಿದ್ದಿಲ್ಲ. ಸುಳ್ಳಿನ ಅಗತ್ಯವೇ ಬಿದ್ದಿರಲಿಲ್ಲ.

ಒಂದು ಬೇಸಿಗೆಯಲ್ಲಿ ಹೊಳೆಯಾಚೆಯ ಕಾಡಿಗೆ ಬೆಂಕಿ ಬಿತ್ತು. ಸೂಜವ್ವ ಎಂಬ ಮುಳ್ಳುಹಂದಿ ಎರಡು ಮರಿಗಳನ್ನು ಮುಂದೆ ನೂಕಿಕೊಂಡು ಹೊಳೆ ಈಜಿ ಈಚೆ ದಡ ಸೇರಿದಳು. ಗಂಡ ಹೊಗೆಯಲ್ಲಿ ತಪ್ಪಿಹೋಗಿದ್ದ. ಅವಳ ಬೆನ್ನಿನ ಅರ್ಧ ಮುಳ್ಳು ಕರಟಿಹೋಗಿತ್ತು. ಪಾಳುಬಿದ್ದ ಒಂದು ಹುತ್ತದ ಬುಡದಲ್ಲಿ ಮರಿಗಳನ್ನು ಮಲಗಿಸಿ, ಇಲ್ಲಿ ಇರಲು ಬಿಟ್ಟರೆ ಸಾಕು ಎಂದುಕೊಂಡಳು. ಹಿಂದಕ್ಕೆ ಕಳಿಸಿದರೆ ಅಲ್ಲಿದ್ದದ್ದು ಬಿಸಿ ಬೂದಿ ಮಾತ್ರ.

ವಾಗ್ಭೂಷಣ ಬಂದ. ಬಹಳ ಮರ್ಯಾದಸ್ಥ. ಮರಿಗಳು ಮುದ್ದಾಗಿವೆ ಎಂದ. ಆಮೇಲೆ ಕೆಲಸದ ರೀತಿ ತಿಳಿಸಿದ. "ನನ್ನ ಮಾತನ್ನೂ ಸೇರಿಸಿಕೊಂಡು ಪೂರ್ತಿ ವಾಕ್ಯದಲ್ಲಿ ಹೇಳಬೇಕು ತಾಯಿ. ಕೊಳದ ಹತ್ತಿರ ಕೇಳುವವರಿಗೆ ಅರ್ಥವಾಗಬೇಕಲ್ಲ."

ಬಂದ ಊರಿನ ಪದ್ಧತಿ ಹಾಗಿದ್ದರೆ ಹಾಗೇ ಆಗಲಿ ಎಂದು ಸೂಜವ್ವ ತಲೆಯಾಡಿಸಿದಳು.

"ನೀವು ತಂದ ಆಯುಧಗಳು ಎಷ್ಟು?"

ಸೂಜವ್ವನಿಗೆ ನಗು ಬಂತು. ಇವು ಹುಟ್ಟುತ್ತಲೇ ಬಂದ ಮುಳ್ಳು ಕಣಪ್ಪ ಎಂದಳು. ಅದೆಲ್ಲ ಬೇಡ, ಕೇಳಿದಷ್ಟಕ್ಕೆ ಸಾಕು ಎಂದ ಅವನು. ಪಾಪ, ಅವಳು ಹೇಳಿದಳು: "ನಾನು ತಂದ ಆಯುಧಗಳನ್ನು ಎಣಿಸಿಲ್ಲ."

ನಮ್ಮ ಗೆಣಸಿನ ಮೇಲೆ ಎಂದಿನಿಂದ ಕಣ್ಣು ಎಂದು ಕೇಳಿದ. ಮರಿಗಳು ಹಸಿದಿದ್ದವು, ಗೆಣಸಿನ ಬಳ್ಳಿ ಕಂಡಿದ್ದು ಹೌದು. "ನಿಮ್ಮ ಗೆಣಸಿನ ಮೇಲೆ ಬಂದ ದಿನವೇ ಕಣ್ಣು ಬಿತ್ತು," ಎಂದಳು. ಹಿಂದೆ ಬರುವವರು ಇನ್ನೂ ಇದ್ದಾರೆಯೇ ಎಂದು ಕೇಳಿದಾಗ ಅವಳಿಗೆ ಗಂಡ ನೆನಪಾದ. ಗಂಟಲು ಕಟ್ಟಿತು. "ಹಿಂದೆ ಬರುವವರು ಇದ್ದಾರೆ. ಬಂದೇ ಬರುತ್ತಾರೆ," ಎಂದಳು.

ಬೆಂಕಿಯ ಬಗ್ಗೆ ಅವನು ಕೇಳಲೇ ಇಲ್ಲ. ಅವಳಾಗಿ ಹೇಳಹೊರಟಾಗ ರೆಕ್ಕೆ ಬಿಚ್ಚಿಯಾಗಿತ್ತು.

ಸಂಜೆ ಕೊಳದ ದಂಡೆಯಲ್ಲಿ ಸೂಜವ್ವನ ದನಿ ಮೊಳಗಿತು. ನಾನು ತಂದ ಆಯುಧಗಳನ್ನು ಎಣಿಸಿಲ್ಲ. ನಿಮ್ಮ ಗೆಣಸಿನ ಮೇಲೆ ಬಂದ ದಿನವೇ ಕಣ್ಣು ಬಿತ್ತು. ಹಿಂದೆ ಬರುವವರು ಇದ್ದಾರೆ. ಬಂದೇ ಬರುತ್ತಾರೆ. ಗಂಟಲು ಕಟ್ಟಿದ್ದನ್ನೂ ಆ ನಿಷ್ಠಾವಂತ ಬಿಟ್ಟಿರಲಿಲ್ಲ; ಕೇಳಿದವರಿಗೆ ಅದು ಗುರುಗುಟ್ಟಿದ ಹಾಗಿತ್ತು. ಕೋಡಗಗಳು ಮರಿಗಳನ್ನು ಅವಚಿಕೊಂಡು ಮರ ಹತ್ತಿದವು. ದಿನವೂ ಗೆಣಸು ಅಗೆದು ಹಾಳುಮಾಡುವ ಕಾಡುಹಂದಿಗೆ ಗೆಣಸಿನ ಮೇಲೆ ಇದ್ದಕ್ಕಿದ್ದಂತೆ ಭಕ್ತಿ ಹುಟ್ಟಿತು. ಭದ್ರವ್ವ ನಿಟ್ಟುಸಿರುಬಿಟ್ಟು ಸೂಜವ್ವನನ್ನು ಕರೆಸಿದಳು. ಬೆಳಗಾಗುತ್ತಲೇ ಹೊಳೆ ದಾಟಬೇಕು ಎಂದಳು.

ಹೊರಡುವವರು ಕೇಳಿದ ಒಂದು ಕೋರಿಕೆ ನಡೆಸಿಕೊಡುವುದು ಆ ಕಾಡಿನ ಕಟ್ಟಳೆ. ಸಾಮಾನ್ಯವಾಗಿ ದಾರಿಗೆ ನಾಲ್ಕು ಹಣ್ಣು ಕೇಳುತ್ತಿದ್ದರು. ಸೂಜವ್ವ ಹಣ್ಣು ಕೇಳಲಿಲ್ಲ.

"ಆ ಮಾತೆಲ್ಲ ನನ್ನದೇ, ಇಲ್ಲ ಅನ್ನೋದಿಲ್ಲ," ಎಂದಳು. "ಈ ಹಕ್ಕಿಯನ್ನು ಅದರ ಪದ್ಧತಿಯಲ್ಲೇ ನಾನೂ ಒಂದಿಷ್ಟು ಮಾತಾಡಿಸಬೇಕು."

ವಾಗ್ಭೂಷಣ ಹಿಗ್ಗಿದ. ಅವನನ್ನು ಇದುವರೆಗೆ ಯಾರೂ ಮಾತಾಡಿಸಿರಲಿಲ್ಲ.

"ಪೂರ್ತಿ ವಾಕ್ಯದಲ್ಲಿ ಹೇಳಬೇಕಪ್ಪ. ಯಾರು ಕೊರೆದ ಪೊಟರೆಯೊಳಗೆ ನುಗ್ಗಿ ಕೂತಿದ್ದೀರಿ?"

ಗೊರವಂಕಗಳು ಪೊಟರೆ ಕೊರೆಯುವುದಿಲ್ಲ, ಬೇರೆ ಹಕ್ಕಿ ಕೊರೆದು ಬಿಟ್ಟದ್ದರಲ್ಲಿ ಸಂಸಾರ ಹೂಡುತ್ತವೆ. ಇದು ಎಲ್ಲರಿಗೂ ಗೊತ್ತು. "ಕುಟ್ರುಹಕ್ಕಿ ಕೊರೆದ ಪೊಟರೆಯೊಳಗೆ ನುಗ್ಗಿ ಕೂತಿದ್ದೇನೆ," ಎಂದ ವಾಗ್ಭೂಷಣ. "ಆದರೆ ಅದು ಬಿಟ್ಟುಹೋಗಿ ಎಷ್ಟೋ ಕಾಲ..."

"ಕೇಳಿದಷ್ಟಕ್ಕೆ ಸಾಕು. ನುಗ್ಗುವ ಮೊದಲು ಯಾರ ಅಪ್ಪಣೆ ಕೇಳಿದಿರಿ?"

"ನುಗ್ಗುವ ಮೊದಲು ಯಾರ ಅಪ್ಪಣೆಯನ್ನೂ ಕೇಳಿಲ್ಲ."

"ಕದ್ದ ಮನೆಯನ್ನು ಯಾವಾಗ ಬಿಡುತ್ತೀರಿ?"

ಒಳಗೆ ಅವನ ಮರಿಗಳಿದ್ದವು. ಗಾಬರಿಯಲ್ಲಿ ಅಭ್ಯಾಸಬಲ ಮುಂದೆ ಬಂತು. "ಕದ್ದ ಮನೆಯನ್ನು ನಾನು ಬಿಡುವುದಿಲ್ಲ," ಎಂದುಬಿಟ್ಟ. ಅಂದ ಮೇಲೆ ಕೊಕ್ಕು ಕಚ್ಚಿಕೊಂಡ.

ಅಷ್ಟರಲ್ಲಿ ಕಾಟಿಗಳ, ಅಂದರೆ ಕಾಡುಕೋಣಗಳ, ಹಿಂಡು ತಡವಾಗಿ ನೀರಿಗೆ ಬಂತು. ಏನು ಸಮಾಚಾರ ಎಂದು ಕೇಳಿತು. ಆನೆಯ ನೆನಪೆಂದರೆ ಕೇಳಬೇಕೆ? ಭದ್ರವ್ವ ಅಕ್ಷರ ಬಿಡದೆ ಹೇಳಿದಳು: "ವಾಗ್ಭೂಷಣ ಹೇಳಿದ್ದು ಇಷ್ಟು. ಕುಟ್ರುಹಕ್ಕಿ ಕೊರೆದ ಪೊಟರೆಯೊಳಗೆ ನುಗ್ಗಿ ಕೂತಿದ್ದೇನೆ. ನುಗ್ಗುವ ಮೊದಲು ಯಾರ ಅಪ್ಪಣೆಯನ್ನೂ ಕೇಳಿಲ್ಲ. ಕದ್ದ ಮನೆಯನ್ನು ನಾನು ಬಿಡುವುದಿಲ್ಲ."

ಕಾಟಿಗಳು ಬುಸುಗುಟ್ಟಿದವು. ಇಂಥ ಕಳ್ಳನನ್ನು ಇಟ್ಟುಕೊಂಡಿದ್ದೀರಾ ಎಂದು ಒಂದು ಕಾಟಿ ಹೋಗಿ ಪೊಟರೆಯ ಮರಕ್ಕೆ ಹಣೆ ಕೊಟ್ಟಿತು. ಮರ ಅಲುಗಿತು. ಒಳಗೆ ಮರಿಗಳು ಚೀರಿದವು.

"ಪ್ರಶ್ನೆ ಏನಿತ್ತು ಅಂತ ಯಾರಾದರೂ ಹೇಳ್ರಪ್ಪ," ಎಂದು ವಾಗ್ಭೂಷಣ ಎಲ್ಲರ ಕಾಲಿಗೆ ಬಿದ್ದ. "ಪ್ರಶ್ನೆ ಕೇಳದೆ ಉತ್ತರ ಕೇಳಿದರೆ ಹೇಗೆ?"

"ನೀರು ಕುಡಿಯಲು ಬಂದವರಿಗೆ ಅಷ್ಟೆಲ್ಲ ಹೊತ್ತೆಲ್ಲಿದೆಯಪ್ಪ?" ಎಂದಳು ಭದ್ರವ್ವ.

ಕಾಡುಹಂದಿ ಬೇರೆಲ್ಲೋ ನೋಡುತ್ತಿತ್ತು. ಆಗ ಸೂಜವ್ವ ತಾನೇ ಎದ್ದು ಹೋಗಿ ಕಾಟಿಗೆ ಪ್ರಶ್ನೆಗಳನ್ನೂ ಹೇಳಿ, ಒಳಗೆ ಮರಿಗಳಿವೆ, ಸಾಕು ಬಿಡಿ ಎಂದಳು. ಕಾಟಿ ಹಿಂದೆ ಸರಿಯಿತು. ಭದ್ರವ್ವ ಅವಳ ಕರಟಿದ ಬೆನ್ನನ್ನು ಆಗ ಮೊದಲ ಸಲ ಸರಿಯಾಗಿ ನೋಡಿದಳು.

"ಏನಾಯಿತಮ್ಮ?" ಎಂದು ಕೇಳಿದಳು. ಕೇಳಿ ಸುಮ್ಮನಾದಳು.

ಸೂಜವ್ವ ಹೇಳಿದಳು. ನಡುವೆ ಯಾರೂ ಬಾಯಿ ಹಾಕಲಿಲ್ಲ. ಮುಗಿಯುವ ಹೊತ್ತಿಗೆ ಹುತ್ತ ಅವಳದಾಗಿತ್ತು.

ವಾಗ್ಭೂಷಣನ ಕೆಲಸ ಹೋಗಲಿಲ್ಲ. ಇನ್ನು ಮುಂದೆ ತನ್ನ ಪ್ರಶ್ನೆಯನ್ನು ತನ್ನ ದನಿಯಲ್ಲಿ ಮೊದಲು ಹೇಳಿ, ಆಮೇಲೆ ಉತ್ತರ ಹೇಳಬೇಕು ಎಂದಷ್ಟೇ ತೀರ್ಪಾಯಿತು. ತನ್ನ ಪ್ರಶ್ನೆಗಳನ್ನು ತಾನೇ ಜೋರಾಗಿ ಕೇಳಿಸಿಕೊಳ್ಳುವ ಶಿಕ್ಷೆ ಸಣ್ಣದಲ್ಲ. ಕೋಡಗಗಳು ಬಿದ್ದುಬಿದ್ದು ನಗುತ್ತಿದ್ದವು.

ಮಳೆ ಶುರುವಾಗುವ ಮೊದಲು ಒಂದು ಬೆಳಗ್ಗೆ ಬಡಕಲು ಮುಳ್ಳುಹಂದಿಯೊಂದು ಕುಂಟುತ್ತ ಹೊಳೆಯಿಂದ ಮೇಲೆ ಬಂತು. ಮೊದಲು ಕಂಡವನು ವಾಗ್ಭೂಷಣ. ಕೊಕ್ಕಿನ ತುದಿಗೆ ಏನೇನೋ ಬಂತು. ಎಲ್ಲವನ್ನೂ ನುಂಗಿಕೊಂಡು, "ಏನಾಯಿತಪ್ಪ?" ಎಂದ. ಆಮೇಲೆ ಬಾಯಿ ಮುಚ್ಚಿಕೊಂಡು ಕೂತ. ಒಬ್ಬ ಗೊರವಂಕ ಅಷ್ಟು ಹೊತ್ತು ಸುಮ್ಮನಿದ್ದದ್ದು ಆ ಕಾಡಿನಲ್ಲಿ ಅದೇ ಮೊದಲು.

ಕತೆಯೆಲ್ಲ ಕೇಳಿದ ಮೇಲೆ, ಅವನೇ ಮುಂದೆ ಹಾರಿ ಹುತ್ತದ ದಾರಿ ತೋರಿಸಿದ.

ನೀತಿ: ಆಸರೆ ಕೇಳಿ ಬಂದವರ ಉತ್ತರವನ್ನು ತೂಗುವ ಮೊದಲು, ಅವರಿಗೆ ಕೇಳಿದ ಪ್ರಶ್ನೆಯನ್ನು ತೂಗಬೇಕು.